ಶಾಲಿನ ಮೇಲಿಟ್ಟ ಸ್ಟೆತಸ್ಕೋಪು

ಕಪಿಲೆಯ ದಂಡೆಯ ಆ ಆಶ್ರಮದಲ್ಲಿ ದೇವರ ಮುಂದೆ ನಿಲ್ಲುವವರಿಗಿಂತ ಆಸ್ಪತ್ರೆಯ ಮುಂದೆ ನಿಲ್ಲುವವರೇ ಜಾಸ್ತಿ. ದೇವರೇನೂ ಅದಕ್ಕೆ ಬೇಜಾರು ಮಾಡಿಕೊಂಡ ಹಾಗಿರಲಿಲ್ಲ.

ಆಸ್ಪತ್ರೆ ನಡೆಸುತ್ತಿದ್ದವರು ಒಬ್ಬ ಸನ್ಯಾಸಿ. ಕಾವಿ ಉಡುವ ಮುಂಚೆ ಎದೆರೋಗದ ಡಾಕ್ಟರು. ದೀಕ್ಷೆಯ ಹೆಸರು ಮಾರುದ್ದ ಇತ್ತು, ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಹೊಳೆಯ ಆಚೆಗೂ ಈಚೆಗೂ ಅವರು ಡಾಕ್ಟರ್ ಸ್ವಾಮಿ, ಅಷ್ಟೇ.

ಹೈಮಾ ಅವರ ಶಿಷ್ಯೆ. ಡಾಕ್ಟರಿಕೆ ಓದಿ ಮುಗಿಸಿ, ಕಲಿತರೆ ಇವರ ಕೈಕೆಳಗೇ ಕಲಿಯಬೇಕೆಂದು ಹಟ ಹಿಡಿದು ಬಂದವಳು.

ಗುರು ಅವಳಿಗೆ ಕಲಿಸಿದ ಮೊದಲ ಪಾಠವೆಂದರೆ, ಎಕ್ಸ್‌ರೇ ಫಿಲ್ಮಿನ ಮೇಲೆ ಕೂತುಬಿಟ್ಟದ್ದು.

ಅವತ್ತು ಚಿಕ್ಕತಾಯಮ್ಮ ಅನ್ನೋ ಮುದುಕಿ ಏದುಸಿರು ಬಿಡುತ್ತ ಬಂದಿದ್ದಳು. ಹೈಮಾ ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುವಷ್ಟರಲ್ಲಿ ಸ್ವಾಮೀಜಿ ಅದನ್ನು ಕಿತ್ತುಕೊಂಡು, ಕುರ್ಚಿಯ ಮೇಲೆ ಹಾಕಿ, ಅದರ ಮೇಲೇ ಕೂತರು.

"ಸ್ವಾಮೀಜಿ, ಫಿಲ್ಮು!"

"ಎಲ್ಲಿಗೂ ಓಡಿಹೋಗಲ್ಲ. ನನ್ನ ಕೆಳಗೇ ಇದೆ. ನೀನು ಮೊದಲು ಬೆನ್ನು ನೋಡು."

ಹೈಮಾ ಮುದುಕಿಯ ಕುಪ್ಪಸದ ಮೇಲೆ ಸ್ಟೆತಸ್ಕೋಪು ಇಟ್ಟಳು.

"ಏನು ಕೇಳಿಸ್ತು?"

"ಏನೋ ಸರಪರ ಅಂತಿದೆ."

"ಅದು ಕುಪ್ಪಸದ ಸದ್ದು. ಕುಪ್ಪಸಕ್ಕೆ ಕಾಯಿಲೆಯಿಲ್ಲ. ಬಟ್ಟೆ ಸರಿಸು."

ಹೈಮಾ ನಾಚಿಕೊಂಡಳು. ಮುದುಕಿ ನಾಚಿಕೊಳ್ಳಲಿಲ್ಲ. "ತಗೀರವ್ವ, ನಂಗೇನ್ ಮದ್ವೆ ಆಗ್ಬೇಕಾ?" ಎಂದು ತಾನೇ ಗುಂಡಿ ಬಿಚ್ಚಿದಳು.

"ಈಗ ತಟ್ಟು."

ಎಡಗೈಯ ನಡುಬೆರಳನ್ನು ಬೆನ್ನಿನ ಮೇಲೆ ಒತ್ತಿಟ್ಟು, ಬಲಗೈಯ ನಡುಬೆರಳಿನಿಂದ ಅದರ ಮೇಲೆ ಬಡಿಯುವುದು. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಮಾಡಿ ತೋರಿಸಿದ್ದಳು, ಆಮೇಲೆ ಮರೆತೇಬಿಟ್ಟಿದ್ದಳು. ಮೇಲೆ ಬಡಿದರೆ ಡಬ್ ಡಬ್ ಎಂದು ಟೊಳ್ಳು ಸದ್ದು. ಕೆಳಕೆಳಗೆ ಬಂದಂತೆ ಸದ್ದು ಸತ್ತುಹೋಯಿತು. ಕಲ್ಲು ಬಡಿದ ಹಾಗಿತ್ತು.

"ಒಂದು ಅನ್ನಿ, ಅಜ್ಜಿ."

"ಒಂದು... ಒಂದು... ಒಂದು..."

ಮೇಲೆ ಇಟ್ಟ ಅಂಗೈಗೆ ಆ ಮಾತಿನ ನಡುಕ ತಾಗಿತು. ಕೆಳಗೆ ಇಟ್ಟ ಅಂಗೈಗೆ ಏನೂ ತಾಗಲಿಲ್ಲ.

"ನೀರು ತುಂಬಿದೆ, ಸ್ವಾಮೀಜಿ. ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವೆ, ಪೊರೆಗಳ ಒಳಗೆ. ಎರಡೂ ಕಡೆ ಇದೆ. ಸೂಜಿ ಚುಚ್ಚಿ ತೆಗೆದುಬಿಡಲೇ?"

"ಅವಳ ಪಾದ ನೋಡಿದೆಯಾ?"

ನೋಡಿರಲಿಲ್ಲ. ಪಾದ ಊದಿಕೊಂಡಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಕತ್ತಿನ ನರ ಉಬ್ಬಿತ್ತು.

ಸ್ವಾಮೀಜಿ ಮೂಲೆಯ ಕುಡಿಯುವ ನೀರಿನ ಮಡಕೆ ತೋರಿಸಿದರು. "ಅದು ಒಡೆದಿದೆಯಾ?"

"ಇಲ್ಲ."

"ಕೆಳಗೆ ನೀರಿದೆಯಲ್ಲ?"

"ಬೆವರಿದೆ, ಸ್ವಾಮೀಜಿ."

"ಇವಳ ಎದೆಯೂ ಹಾಗೇ. ಹೃದಯ ಸೋತಿದೆ, ಅದಕ್ಕೆ ಪೊರೆ ಬೆವರಿದೆ. ಬೆವರಿದ ಮಡಕೆಗೆ ಯಾರಾದರೂ ತೂತು ಕೊರೀತಾರಾ? ಹೃದಯ ನೋಡಿಕೋ. ನೀರು ಇಳಿಸೋ ಮಾತ್ರೆ ಕೊಡು."

"ಒಡೆದ ಮಡಕೆಯಾದರೆ? ಪೊರೆಗೇ ರೋಗವಿದ್ದರೆ?"

"ಆಗ ಸೂಜಿ ಹಿಡಿ. ಎದೆಯ ನೀರನ್ನೂ ಮೈಯ ರಕ್ತವನ್ನೂ ಒಟ್ಟಿಗೇ ತೆಗೆದು ಪಕ್ಕಪಕ್ಕ ಇಟ್ಟು ವಿಚಾರಿಸು. ಒಂದನ್ನೇ ಕೇಳಿದರೆ ಅದು ತನಗೆ ಬೇಕಾದ ಹಾಗೆ ಹೇಳುತ್ತೆ."

ಆಮೇಲೆ ಎದ್ದು ಫಿಲ್ಮು ಕೊಟ್ಟರು. ಹೈಮಾ ಬೆಳಕಿಗೆ ಹಿಡಿದು ನೋಡಿದಳು. ಅವಳ ಬೆರಳು ಹೇಳಿದ್ದನ್ನೇ ಫಿಲ್ಮೂ ಹೇಳುತ್ತಿತ್ತು. ಚಿಕ್ಕತಾಯಮ್ಮ ಒಂದು ವಾರದಲ್ಲಿ ಸಲೀಸಾಗಿ ಮಲಗುವ ಹಾಗಾದಳು, ಎರಡನೇ ವಾರ ಸೊಸೆಯನ್ನು ಬೈಯುವಷ್ಟು ಉಸಿರು ಬಂತು.

ಅಲ್ಲಿಂದ ಮುಂದೆ ಹೈಮಾ ಯಾರನ್ನೂ ಬಟ್ಟೆಯ ಮೇಲಿಂದ ನೋಡಲಿಲ್ಲ. ಪಟೇಲರು ಬರಲಿ, ಪೌರಕಾರ್ಮಿಕರು ಬರಲಿ, ಮೊದಲು ಬೆನ್ನು. ಊರವರು ಅವಳಿಗೆ 'ಬೆನ್ನು ತಟ್ಟೋ ಡಾಕ್ಟ್ರವ್ವ' ಎಂದೇ ಹೆಸರಿಟ್ಟರು.

ಆದರೆ ಒಂದು ಬೆನ್ನು ಬಾಕಿ ಇತ್ತು.

ಆಶ್ರಮದಲ್ಲಿ ಒಂದು ಪದ್ಧತಿ. ಯಾರು ಮಾಡಿದರೋ, ಯಾವಾಗ ಮಾಡಿದರೋ, ದೇವರೇ ಬಲ್ಲ. ಗಂಡಸರು ಸ್ವಾಮಿಗಳ ಪಾದ ಮುಟ್ಟಬಹುದು, ಅದರ ಮೇಲಕ್ಕೆ ಕೈ ಹೋಗಬಾರದು. ಹೆಂಗಸರು ಪಾದವನ್ನೂ ಮುಟ್ಟುವ ಹಾಗಿಲ್ಲ. ಪಾದದ ಮುಂದಿನ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು.

ಈ ಪದ್ಧತಿಗೆ ಕಾವಲು ಮಾಯಣ್ಣ. ಸ್ವಾಮಿಗಳು ಬಂದಂದಿನಿಂದ ಅವರ ಅಡುಗೆ, ನೀರು, ಹಾಸಿಗೆ ಎಲ್ಲ ಅವನದೇ. ಒಳ್ಳೆಯ ಮನುಷ್ಯ. ಸ್ವಾಮಿಗಳೆಂದರೆ ಪ್ರಾಣ ಬಿಡುವವನು.

ಆ ಮಳೆಗಾಲದ ಮೊದಲಲ್ಲಿ ಸ್ವಾಮೀಜಿ ಕೆಮ್ಮತೊಡಗಿದರು.

ಹೈಮಾ ಕಂಡೂ ಕಾಣದ ಹಾಗೆ ಇದ್ದಳು. ಹೊಳೆಯ ಮೆಟ್ಟಿಲು ಹತ್ತುವಾಗ ಅವರು ನಡುವೆ ನಿಂತು ಹೊಳೆ ನೋಡುತ್ತಿದ್ದರು. ಮುಂಚೆ ಹಾಗೆ ನಿಲ್ಲುತ್ತಿರಲಿಲ್ಲ. ಕೂತಾಗ ಬಲಕ್ಕೆ ವಾಲುತ್ತಿದ್ದರು. ಪ್ರಾರ್ಥನೆಯಲ್ಲಿ ಉದ್ದ ಶ್ಲೋಕಗಳನ್ನು ಬಿಟ್ಟು ಚಿಕ್ಕ ಚಿಕ್ಕವನ್ನು ಆರಿಸತೊಡಗಿದರು. ಭಕ್ತರು ಅದಕ್ಕೂ ಏನೋ ಗೂಢಾರ್ಥ ಹುಡುಕಿದರು. ಗೂಢಾರ್ಥ ಎಂಥದ್ದೂ ಇರಲಿಲ್ಲ, ಉಸಿರು ಸಾಲುತ್ತಿರಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ.

"ಸ್ವಾಮೀಜಿ, ಈ ಕೆಮ್ಮು..."

"ಹೊಳೆಯ ಗಾಳಿ."

"ಒಂದು ಸಲ ನೋಡಲೇ?"

ಅವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ನೋಡು."

ಅವರು ಮಂಚದ ಮೇಲೆ, ಅವಳು ನೆಲದ ಮೇಲೆ. ಗುರುವಿಗಿಂತ ಎತ್ತರದಲ್ಲಿ ನಿಲ್ಲಬಾರದಲ್ಲ! ಬಾಗಿಲಲ್ಲಿ ಮಾಯಣ್ಣ ಗಂಟಲು ಸರಿಮಾಡಿಕೊಂಡ. ಹೈಮಾ ಮಂಡಿಯೂರಿ, ಕೈಯನ್ನು ಆದಷ್ಟೂ ದೂರ ಚಾಚಿ, ಕಾವಿ ಶಾಲಿನ ಮೇಲೆಯೇ ಸ್ಟೆತಸ್ಕೋಪು ತಾಗಿಸಿದಳು. ತಾಗಿಸಿದ್ದಷ್ಟೇ, ತೆಗೆದುಬಿಟ್ಟಳು. ಬೆನ್ನಿನ ಕಡೆ ಹೋಗಲೇ ಇಲ್ಲ.

"ಚೆನ್ನಾಗಿದೆ, ಸ್ವಾಮೀಜಿ."

"ಏನು ಚೆನ್ನಾಗಿದೆ?"

"ಎದೆ."

"ಯಾರದು?"

ಹೈಮಾಳ ಕಿವಿ ಬಿಸಿಯಾಯಿತು. ಉತ್ತರ ಗೊತ್ತಿತ್ತು, ಶಾಲಿನದು. ಒಂದು ಸಿರಪ್ ಬಾಟಲಿ ತಂದು ಅವರ ಪಾದದ ಮುಂದೆ ಇಟ್ಟಳು.

ಸ್ವಾಮೀಜಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

ಆಮೇಲೆ ಮಳೆ ಹಿಡಿಯಿತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರು. ಹೊಳೆ ಕೆಂಪಾಗಿ ಏರಿ ಸೇತುವೆಯ ಮೇಲೆ ಹರಿಯಿತು. ಆಶ್ರಮ ಒಂದು ದಡ, ಮೈಸೂರು ಇನ್ನೊಂದು ದಡ. ಕರೆಂಟೂ ಹೋಯಿತು.

ಅಂಥ ಒಂದು ಬೆಳಿಗ್ಗೆ ಪ್ರಾರ್ಥನೆಯ ನಡುವೆ ಸ್ವಾಮೀಜಿ ನಿಂತುಹೋದರು. ಚಿಕ್ಕ ಶ್ಲೋಕವೇ. ಅದರ ಎರಡನೇ ಸಾಲಿಗೆ ಉಸಿರಿರಲಿಲ್ಲ.

"ಡಾಕ್ಟ್ರವ್ವಾ! ಓಡ್ಬನ್ನಿ!" ಎಂದು ಮಾಯಣ್ಣ ಕೂಗಿದ.

ಹೈಮಾ ಓಡಿ ಬಂದಾಗ ಅವರು ಎರಡೂ ಕೈಗಳನ್ನು ಮಂಡಿಗೆ ಊರಿ ಕೂತಿದ್ದರು. ಭುಜ ಏರಿ ಇಳಿಯುತ್ತಿತ್ತು. ತುಟಿ ನೀಲಿಯಾಗಿತ್ತು. ಆಕ್ಸಿಜನ್ ಸಿಲಿಂಡರ್ ಎಳೆದು ತಂದು ಮೂಗಿಗೆ ಕೊಳವೆ ಹಾಕಿದಳು. ತುಟಿಯ ನೀಲಿ ಇಳಿಯಲಿಲ್ಲ.

ಕರೆಂಟಿಲ್ಲದೆ ಎಕ್ಸ್‌ರೇ ಇಲ್ಲ. ಇದ್ದಿದ್ದರೂ ಅದರ ಮೇಲೆ ಹೋಗಿ ಕೂರುವಷ್ಟು ಶಕ್ತಿ ಗುರುವಿಗಿರಲಿಲ್ಲ.

ಅವಳು ಶಾಲಿಗೆ ಕೈ ಹಾಕಿದಳು. ಮಾಯಣ್ಣ ನಡುವೆ ಬಂದು ನಿಂತ.

"ಬ್ಯಾಡಿ, ಡಾಕ್ಟ್ರವ್ವ. ಸನ್ಯಾಸಿ ಮೈ ಅದು. ಹೆಣ್ಮಗಳು ಮುಟ್ಟುದ್ರೆ ಅವರ ತಪಸ್ಸೆಲ್ಲ ಹೊಳೆ ಪಾಲಾಯ್ತದೆ."

"ಮುಟ್ಟದೇ ಇದ್ರೆ ಅವರೇ ಹೊಳೆ ಪಾಲಾಗ್ತಾರೆ! ದಾರಿ ಬಿಡಿ."

"ಮೈಸೂರಿಂದ ಗಂಡು ಡಾಕ್ಟ್ರು..."

"ಈಜಿಕೊಂಡು ಬರ್ತಾರಾ?"

ಮಾಯಣ್ಣನ ಕಣ್ಣಲ್ಲಿ ನೀರು ತುಂಬಿತು. ಆದರೂ ಜಾಗ ಬಿಡಲಿಲ್ಲ.

ಹೈಮಾ ಅಪ್ಪಣೆಗಾಗಿ ಗುರುವಿನ ಮುಖ ನೋಡಿದಳು. ಅಲ್ಲಿ ಹೂಂ ಇರಲಿಲ್ಲ, ಉಹೂಂ ಕೂಡ ಇರಲಿಲ್ಲ. ಎರಡಕ್ಕೂ ಉಸಿರು ಬೇಕಲ್ಲ! ಬರೀ ಎರಡು ಕಣ್ಣು, ಅವುಗಳಲ್ಲಿ ಭಯ. ಅವಳು ಆ ಭಯವನ್ನು ನೂರಾರು ರೋಗಿಗಳ ಕಣ್ಣಲ್ಲಿ ಕಂಡಿದ್ದಳು, ಈ ಕಣ್ಣಲ್ಲಿ ಯಾವತ್ತೂ ಕಂಡಿರಲಿಲ್ಲ.

ಅವಳು ಮಾಯಣ್ಣನನ್ನು ಬದಿಗೆ ತಳ್ಳಿ ಶಾಲು ತೆಗೆದಳು.

ಬಡಕಲು ಬೆನ್ನು. ಎಣಿಸುವ ಹಾಗೆ ಪಕ್ಕೆಲುಬುಗಳು. ಚಿಕ್ಕತಾಯಮ್ಮನ ಬೆನ್ನಿಗೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ.

ಎಡಗಡೆ ತಟ್ಟಿದಳು. ಡಬ್ ಡಬ್.

ಬಲಗಡೆ ತಟ್ಟಿದಳು. ಕಲ್ಲು. ಹೆಗಲ ಮೂಳೆಯಿಂದ ಕೆಳತನಕ ಬರೀ ಕಲ್ಲು.

"ಒಂದು ಅನ್ನಿ, ಸ್ವಾಮೀಜಿ."

"ಒಂ... ದು..."

ಬಲಗಡೆಯ ಅಂಗೈಗೆ ಏನೂ ತಾಗಲಿಲ್ಲ. ಕತ್ತಿನ ಕೆಳಗಿನ ಗುಳಿಯಲ್ಲಿ ಬೆರಳಿಟ್ಟಳು. ಉಸಿರಿನ ಕೊಳವೆ ನಡುವೆ ಇರಬೇಕಾದದ್ದು ಎಡಕ್ಕೆ ತಳ್ಳಿಕೊಂಡು ಹೋಗಿತ್ತು. ಅಷ್ಟು ನೀರು ಒಳಗೆ ತುಂಬಿತ್ತು. ಒಂದು ದಿನದಲ್ಲಿ ತುಂಬಿದ್ದಲ್ಲ. ಅವಳು ಸಿರಪ್ ಬಾಟಲಿ ಇಟ್ಟ ದಿನವೂ ಇದ್ದೇ ಇತ್ತು.

ಪಾದ ನೋಡಿದಳು. ಊತವಿಲ್ಲ. ಪಾದ ನೋಡುವಾಗ ನೆಲ ಮುಟ್ಟುವುದು ಅವಳಿಗೆ ನೆನಪೇ ಆಗಲಿಲ್ಲ. ಕತ್ತಿನ ನರ ಉಬ್ಬಿಲ್ಲ. ನೀರು ಒಂದೇ ಕಡೆ.

ಇದು ಬೆವರಿದ ಮಡಕೆಯಲ್ಲ.

"ಮಾಯಣ್ಣ, ಭಜನೆ ಹಾರ್ಮೋನಿಯಂ ತನ್ನಿ. ಮೇಲೊಂದು ದಿಂಬು."

"ಹಾರ್ಮೋನಿಯಮ್ಮಾ?"

"ತನ್ನಿ ಅಂದ್ನಲ್ಲ!"

ಸ್ವಾಮೀಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿನ ಮೇಜಿನ ಮೇಲೆ ಹಾರ್ಮೋನಿಯಂ ಇಟ್ಟು, ಅದರ ಮೇಲಿನ ದಿಂಬಿಗೆ ಕೈಗಳನ್ನು ಒರಗಿಸಿ ಅವರನ್ನು ಮುಂದಕ್ಕೆ ಬಾಗಿಸಿದಳು. ಬೆನ್ನು ತೆರೆದುಕೊಂಡಿತು. ಅವಳು ಹಿಂದೆ ನಿಂತಳು. ಗುರುವಿಗಿಂತ ಎತ್ತರದಲ್ಲಿ.

ಸ್ಪಿರಿಟಿನ ಹತ್ತಿ ಎರಡು ಸಲ ಕೆಳಗೆ ಬಿತ್ತು.

ದಿಂಬಿನೊಳಗಿಂದ ಒಂದು ಧ್ವನಿ ತುಂಡು ತುಂಡಾಗಿ ಬಂತು.

"ಎಲುಬಿನ... ಯಾವ... ಅಂಚು?"

ಅಯ್ಯೋ ಪುಣ್ಯಾತ್ಮ! ಸಾಯುವ ಹೊತ್ತಿನಲ್ಲೂ ಪ್ರಶ್ನೆ ಕೇಳುತ್ತಾರೆ! ಹೈಮಾಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಮೇಲಂಚು, ಸ್ವಾಮೀಜಿ. ಕೆಳಗಿನಂಚಿನಲ್ಲಿ ನರ ಇರುತ್ತೆ, ರಕ್ತನಾಳ ಇರುತ್ತೆ."

ತಲೆ ಒಂದಿಷ್ಟು ಅಲುಗಿತು. ಮೂರನೆಯ ಹತ್ತಿ ಬೀಳಲಿಲ್ಲ.

ಮರಗಟ್ಟಿಸುವ ಮದ್ದು ಚುಚ್ಚಿದಳು. ಆಮೇಲೆ ದೊಡ್ಡ ಸೂಜಿಯನ್ನು ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ ಮೆಲ್ಲಗೆ ಒಳಕ್ಕೆ ಬಿಟ್ಟಳು. ಪಟ್ ಎಂದು ಏನೋ ಬಿಟ್ಟುಕೊಟ್ಟ ಹಾಗಾಯಿತು. ಕೊಳವೆಯಲ್ಲಿ ನೀರು ಇಳಿಯಿತು.

ತಿಳಿಹಳದಿ ಬರಲಿ, ಜೇನಿನ ಬಣ್ಣ ಬರಲಿ, ಕೊನೆಗೆ ಕೀವೇ ಬರಲಿ ಎಂದು ಹಲ್ಲು ಕಚ್ಚಿ ಬೇಡಿಕೊಳ್ಳುತ್ತಿದ್ದಳು. ಅವಕ್ಕೆಲ್ಲ ಮದ್ದುಂಟು.

ಬಂದದ್ದು ರಾಗಿ ತೊಳೆದ ನೀರಿನ ಬಣ್ಣ. ಕೆಂಪು.

"ರಕ್ತ!" ಎಂದು ಮಾಯಣ್ಣ ಗೋಡೆ ಹಿಡಿದುಕೊಂಡ.

"ಸುಮ್ನಿರಿ."

ಅವಳು ನೀರನ್ನು ಸಣ್ಣ ಸೀಸೆಗಳಿಗೆ ಹಿಡಿದಳು. ಅವರ ತೋಳಿನಿಂದ ರಕ್ತವನ್ನೂ ತೆಗೆದು ಪಕ್ಕದಲ್ಲಿಟ್ಟಳು. ಉಳಿದ ನೀರು ನೆಲದ ಮೇಲಿನ ದೊಡ್ಡ ಬಾಟಲಿಗೆ ಹರಿಯಿತು.

ಬಾಟಲಿ ಅರ್ಧವಾಗುವಷ್ಟರಲ್ಲಿ ಭುಜದ ಏರಿಳಿತ ಕಮ್ಮಿಯಾಯಿತು. ತುಟಿಗೆ ಬಣ್ಣ ಬಂತು. ಸ್ವಾಮೀಜಿ ತಲೆಯೆತ್ತಿ ಉಸಿರೆಳೆದರು, ಬಿಟ್ಟರು, ಮತ್ತೆ ಎಳೆದರು.

"ಅಬ್ಬಾ! ಎಷ್ಟು ದಿನವಾಗಿತ್ತು ಇಂಥ ಉಸಿರು ಸಿಕ್ಕಿ!"

ಮಾಯಣ್ಣ ಕೈ ಮುಗಿದ. ಹೈಮಾಳ ಕಣ್ಣು ಮಂಜಾಯಿತು.

"ತೆಗಿ ಮಗು, ಎಲ್ಲವನ್ನೂ ತೆಗೆದುಬಿಡು. ಒಂದು ಹನಿಯೂ ಬೇಡ."

ಅವಳಿಗೂ ಅದೇ ಆಸೆ. ಆ ಕೆಂಪು ನೀರು ಒಂದು ಹನಿಯೂ ಆ ಎದೆಯಲ್ಲಿ ಉಳಿಯಬಾರದು. ಬಾಟಲಿ ಕತ್ತಿನವರೆಗೆ ಬಂತು. ಇನ್ನೊಂದು ಬಾಟಲಿಗೆ ಕೈ ಚಾಚಿದಳು.

ಆಗ ಅವರು ಕೆಮ್ಮಿದರು. ಸಣ್ಣದು. ಒಣ ಕೆಮ್ಮು.

ಹೈಮಾಳ ಕೈ ನಿಂತಿತು.

ಮತ್ತೆ ಕೆಮ್ಮಿದರು. ಒಂದು ಕೈ ಎದೆಗೆ ಹೋಯಿತು.

"ಎದೆ ಬಿಗೀತಿದೆಯಾ, ಸ್ವಾಮೀಜಿ?"

"ಇಲ್ಲ. ತೆಗಿ."

ಇನ್ನೊಂದು ಕೆಮ್ಮು.

ಬಹಳ ದಿನ ಮುದುರಿ ಬಿದ್ದಿದ್ದ ಶ್ವಾಸಕೋಶ ಅದು. ಒಮ್ಮೆಗೇ ಪೂರ್ತಿ ಬಿಚ್ಚಿದರೆ ಅದರೊಳಗೇ ನೀರು ಸುರಿಯುತ್ತದೆ. ಹೊರಗಿನ ನೀರಿನಿಂದ ಪಾರಾದವರು ಒಳಗಿನ ನೀರಿನಲ್ಲಿ ಮುಳುಗುತ್ತಾರೆ. ಅದು ಬರುವ ಮುಂಚೆ ಹೀಗೇ ಕೆಮ್ಮು ಬರುತ್ತದೆ, ಎದೆ ಬಿಗಿಯುತ್ತದೆ. ಇದನ್ನು ಅವಳಿಗೆ ಕಲಿಸಿದವರು ಅವರೇ.

ಅವಳು ಕೊಳವೆಯ ತಿರುಪು ಮುಚ್ಚಿದಳು.

"ಸಾಕು."

"ಒಳಗೆ ಇನ್ನೂ ಇದೆ. ನನಗೆ ಗೊತ್ತಾಗ್ತಿದೆ."

"ಇರಲಿ. ಇನ್ನೊಂದು ದಿನ ತೆಗೆಯೋಣ."

"ಹೈಮಾ, ನಿನ್ನ ಗುರು ಹೇಳ್ತಿದ್ದೇನೆ. ತೆಗಿ."

ಆ ಧ್ವನಿಗೆ ಇಡೀ ಆಶ್ರಮ ಎದ್ದು ನಿಲ್ಲುತ್ತಿತ್ತು. ಆ ಧ್ವನಿ ಹೇಳಿದ್ದನ್ನು ಅವಳು ಒಂದು ದಿನವೂ ಮೀರಿದವಳಲ್ಲ.

"ಸ್ವಾಮಿಗಳ ಮಾತು ಮೀರ್ತೀರಾ?" ಎಂದ ಮಾಯಣ್ಣ. "ಗುರುವಿಗೇ ತಿರುಮಂತ್ರನಾ?"

ಹೈಮಾ ಸೂಜಿ ಎಳೆದು, ಹತ್ತಿ ಒತ್ತಿ, ಪಟ್ಟಿ ಅಂಟಿಸಿದಳು.

"ಸ್ಟೂಲಿನ ಮೇಲೆ ಗುರು ಇಲ್ಲ, ಮಾಯಣ್ಣ. ಪೇಶಂಟ್ ಇದ್ದಾರೆ. ಪೇಶಂಟ್ ಕೆಮ್ಮಿದರು, ನಾನು ನಿಲ್ಲಿಸಿದೆ."

ಹೊಳೆಯ ಸದ್ದೊಂದೇ. ಹೈಮಾ ನಿಂತೇ ಇದ್ದಳು, ಅವರ ಉಸಿರನ್ನೇ ಕೇಳಿಸಿಕೊಳ್ಳುತ್ತ. ಈಗ ಕೆಟ್ಟರೆ ಹೊಣೆ ಅವಳದೇ. ಕೆಮ್ಮು ಇನ್ನೆರಡು ಸಲ ಬಂತು. ಆಮೇಲೆ ನಿಧಾನಕ್ಕೆ ನಿಂತುಹೋಯಿತು. ತುಟಿಯ ಬಣ್ಣ ಹಾಗೇ ಉಳಿಯಿತು.

ಸ್ವಾಮೀಜಿ ದಿಂಬಿನ ಮೇಲೆ ಕೆನ್ನೆಯಿಟ್ಟರು.

"ಮಾಯಣ್ಣ," ಎಂದರು ಕೊನೆಗೆ, "ಇವತ್ತು ನನಗೊಬ್ಬ ಶಿಷ್ಯೆ ಕಮ್ಮಿಯಾದಳು."

ಮಾಯಣ್ಣ ಹೈಮಾಳನ್ನು ಕೆಕ್ಕರಿಸಿ ನೋಡಿದ. ಬೈಗುಳವೆಂದೇ ತಿಳಿದುಕೊಂಡಿದ್ದ, ಪಾಪ.

ಮಧ್ಯಾಹ್ನ ಅವರು ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಾಗ ಹೈಮಾ ಕೇಳಿದಳು, "ತೆಗಿ ಅಂದದ್ದು ನನ್ನನ್ನ ಪರೀಕ್ಷೆ ಮಾಡೋಕೇನಾ, ಸ್ವಾಮೀಜಿ?"

"ಹಾಗಂದರೆ ನನ್ನ ಮರ್ಯಾದೆ ಉಳಿಯುತ್ತೆ." ಅವರು ಬಟ್ಟಲು ಕೆಳಗಿಟ್ಟರು. "ಪರೀಕ್ಷೆ ಅಲ್ಲ. ಆಸೆ. ಎಲ್ಲಾ ಬಿಟ್ಟೆ ಅಂದುಕೊಂಡಿದ್ದೆ. ಒಂದು ಉಸಿರು ಸಿಕ್ಕ ತಕ್ಷಣ ಇನ್ನೊಂದು ಬೇಕು ಅನ್ನಿಸಿತು."

"ಮೊದಲೇ ಯಾಕೆ ಹೇಳಲಿಲ್ಲ? ನಾನು ಶಾಲಿನ ಮೇಲೆ ಇಟ್ಟಾಗ ಒಂದು ಮಾತು ಬೈದಿದ್ದರೆ..."

"ನನ್ನ ಬೆನ್ನನ್ನ ನಾನೇ ತಟ್ಟಿಕೊಳ್ಳೋಕಾಗುತ್ತಾ?"

"ಅನುಮಾನ ಬಂದಿರಲಿಲ್ವಾ?"

ಅವರು ಬಟ್ಟಲನ್ನು ಬದಿಗೆ ಸರಿಸಿದರು.

"ಬಂದಿತ್ತು. ನೀನು ಮುಟ್ಟಲು ಹೆದರಿದೆ. ನಾನು ಮುಟ್ಟಿಸಿಕೊಳ್ಳಲು ಹೆದರಿದೆ. ಶಾಲು ಇಬ್ಬರಿಗೂ ಬೇಕಾಗಿತ್ತು, ಮಗು."

ಹೊಳೆ ಇಳಿಯಿತು, ಕರೆಂಟೂ ಬಂತು. ಸೇತುವೆ ಕಂಡ ದಿನವೇ ಮಾಯಣ್ಣ ಐಸ್ ತುಂಬಿದ ಡಬ್ಬಿಯಲ್ಲಿ ಸೀಸೆಗಳನ್ನಿಟ್ಟು, ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮೈಸೂರಿಗೆ ಹೋಗಿ ಕೊಟ್ಟು ಬಂದ.

ಕೆಲವು ದಿನದ ಮೇಲೆ ಲ್ಯಾಬಿನಿಂದ ಫೋನು ಬಂತು. ಹೈಮಾ ಕೇಳಿಸಿಕೊಂಡಳು. ಥ್ಯಾಂಕ್ಸ್ ಎಂದಳು. ಫೋನು ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು.

"ಏನಂತೆ?" ಮಾಯಣ್ಣ ಬಾಗಿಲಲ್ಲಿದ್ದ.

"ಕ್ಯಾನ್ಸರ್, ಮಾಯಣ್ಣ."

ಅವನು ಅಲ್ಲೇ ಕುಸಿದು ಕೂತ. ಮೂಗು ಒರೆಸಿಕೊಂಡ. ಆಮೇಲೆ ಸದ್ದಿಲ್ಲದೆ ಹತ್ತಿರ ಬಂದು, ಇಷ್ಟು ವರ್ಷ ಕಾವಲು ಕಾದವನು, ಹೈಮಾಳ ಕೈಯನ್ನೇ ಹಿಡಿದುಕೊಂಡ.

"ಟಿ.ಬಿ. ಅಂತ ಹೇಳ್ಬುಡಿ, ಡಾಕ್ಟ್ರವ್ವ. ಟಿ.ಬಿ.ಗಾದ್ರೆ ಮಾತ್ರೆ ಅದೆ. ಅವ್ರು ಖುಷಿಯಾಗಿರ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಅವರು ಎದೆ ಡಾಕ್ಟರು. ನಂಬ್ತಾರಾ?"

"ನೀವು ಹೇಳುದ್ರೆ ನಂಬ್ತಾರೆ."

ಅದೇ ಕಷ್ಟ. ಅವಳು ಹೇಳಿದರೆ ಅವರು ನಂಬುತ್ತಾರೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ, ಹೈಮಾ ಹೊಳೆಯ ಮೆಟ್ಟಿಲಿಗೆ ಹೋದಳು.

ಸ್ವಾಮೀಜಿ ಬಿಸಿಲು ಕಾಯುತ್ತ ಕೂತಿದ್ದರು. ಬಲಕ್ಕೆ ವಾಲಿದ್ದರು.

"ರಿಪೋರ್ಟು ಬಂತಾ?"

"ಸ್ವಾಮೀಜಿ, ಅದು... ಮೈಸೂರಿನವರು ಇನ್ನೊಂದು ಸಲ ನೋಡಬೇಕು ಅಂತಾರೆ. ಟಿ.ಬಿ. ಕೂಡ ಇರಬಹುದು..."

ಅವರು ಕೂತಲ್ಲೇ ತಿರುಗಿ, ಅವಳಿಗೆ ಬೆನ್ನು ಮಾಡಿ, ಶಾಲನ್ನು ತಾವೇ ಜಾರಿಸಿದರು.

"ತಟ್ಟು."

ಹೈಮಾ ಹಿಂದೆ ಮಂಡಿಯೂರಿ ತಟ್ಟಿದಳು. ಮೇಲಿನಿಂದ ಕೆಳಕ್ಕೆ. ಡಬ್ ಡಬ್ ಬೇಗ ಮುಗಿದುಹೋಯಿತು.

"ಎಲ್ಲಿವರೆಗೆ ಏರಿದೆ?"

"ಹೆಗಲ ಮೂಳೆಯ ತುದಿವರೆಗೆ."

"ಇಷ್ಟು ಬೇಗ?"

"ಬೇಗ ತುಂಬ್ತಿದೆ, ಸ್ವಾಮೀಜಿ."

"ಬೆನ್ನು ನಿನಗೆ ಇದ್ದದ್ದು ಹೇಳಿತು. ಈಗ ನೀನು ಹೇಳು. ಯಾವ ಮಡಕೆ?"

ಅವಳ ಬೆರಳು ಇನ್ನೂ ಆ ಬೆನ್ನಿನ ಮೇಲೇ ಇತ್ತು.

"ಒಡೆದದ್ದು, ಸ್ವಾಮೀಜಿ. ನೀರಿನಲ್ಲಿ ಕ್ಯಾನ್ಸರ್ ಕಣ ಸಿಕ್ಕಿವೆ."

ಹೊಳೆಯಲ್ಲಿ ಒಂದು ಕೊರಡು ತೇಲಿಹೋಗುತ್ತಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ಅವರು ನೋಡಿದರು. ಬೆನ್ನು ಒಂದು ಸಲ ನಡುಗಿದ್ದು ಅವಳ ಬೆರಳಿಗೆ ತಾಗಿತು.

"ಮುಚ್ಚೋಕಾಗುತ್ತಾ?"

"ಬಿರುಕು ಮುಚ್ಚೋಕಾಗಲ್ಲ. ಆದರೆ ನೀರನ್ನ ತೆಗೆದು, ಶ್ವಾಸಕೋಶ ಚೆನ್ನಾಗಿ ಅರಳಿದರೆ, ಔಷಧಿ ಹಾಕಿ ಎರಡು ಪೊರೆಗಳನ್ನ ಒಂದಕ್ಕೊಂದು ಅಂಟಿಸಬಹುದು. ಆಗ ನೀರು ನಿಲ್ಲೋಕೆ ಜಾಗ ಇರಲ್ಲ. ಅರಳದಿದ್ದರೆ ಒಂದು ಸಣ್ಣ ಕೊಳವೆ ಬಿಟ್ಟು, ಬೇಕಾದಾಗ ಇಲ್ಲೇ ತೆಗೆಯಬಹುದು. ಮೈಸೂರಿಗೆ ಹೋಗಬೇಕು. ಕಾಯಿಲೆಗೆ ಬೇರೆ ಔಷಧಿ ಏನಿದೆ ಅಂತ ಅಲ್ಲಿನವರು ಹೇಳ್ತಾರೆ."

"ಕಾಯಿಲೆ ಹೋಗುತ್ತಾ?"

"ಹೋಗಲ್ಲ, ಸ್ವಾಮೀಜಿ. ಉಸಿರಾಡೋದು ಸಲೀಸಾಗುತ್ತೆ."

"ಹೂಂ. ಹೋಗೋಣ."

ಹೈಮಾಳಿಂದ ಇನ್ನು ತಡೆಯಲಾಗಲಿಲ್ಲ. ಆ ಬೆನ್ನಿಗೇ ಹಣೆಯಿಟ್ಟು ಅತ್ತುಬಿಟ್ಟಳು. "ಅವತ್ತೇ ಶಾಲು ತೆಗೆಸಿದ್ದರೆ... ನಾನು ಅವತ್ತೇ ತೆಗೆಸಿದ್ದರೆ, ಉಳೀತಿದ್ರಾ?"

ಇಲ್ಲ ಎಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಹೌದು ಎಂದಿದ್ದರೆ ಪ್ರಾಯಶ್ಚಿತ್ತಕ್ಕೆ ಒಂದು ದಾರಿಯಾದರೂ ಸಿಗುತ್ತಿತ್ತು.

"ನನಗೆ ಗೊತ್ತಿಲ್ಲ," ಎಂದರು ಗುರು.

ಮೇಲಿನಿಂದ ಮಾಯಣ್ಣನ ದನಿ ಕೇಳಿತು. ಮೆಟ್ಟಿಲ ತುದಿಯಲ್ಲಿ ನಿಂತಿದ್ದ. ಸ್ವಾಮಿಗಳ ಬರಿಬೆನ್ನಿಗೆ ಹಣೆಯಿಟ್ಟ ಹೆಣ್ಣುಮಗಳನ್ನು ಕಂಡ. ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

"ಡಾಕ್ಟ್ರವ್ವ, ಪಕ್ಕದ ಮಠದ ಹಿರೀ ಸ್ವಾಮಿಗಳು ಬಂದವ್ರೆ. ಕಾರಲ್ಲಿ. ಜನ ಎಲ್ಲ ಅಡ್ಡ ಬೀಳ್ತಾವ್ರೆ. ಸ್ವಲ್ಪ ಕೆಮ್ಮಂತೆ, ಒಂದು ಸಿರಪ್ ಕೊಟ್ರೆ ಸಾಕಂತೆ, ಹಂಗೇ ಹೊರಡ್ತಾರಂತೆ."

ಹೈಮಾ ಮುಖ ಒರೆಸಿಕೊಂಡಳು. ಏಳಲಿಲ್ಲ.

"ಸ್ವಲ್ಪ ಹೊತ್ತು ಕಾಯಲಿ. ನಾನು ನಿಮ್ಮ ಹತ್ತಿರ..."

ಸ್ವಾಮೀಜಿ ಜಾರಿದ್ದ ಶಾಲನ್ನು ಮಡಿಸಿ ಪಕ್ಕದ ಮೆಟ್ಟಿಲ ಮೇಲಿಟ್ಟರು. ಬರಿಮೈಯಲ್ಲೇ ಹೊಳೆಯ ಕಡೆ ತಿರುಗಿ ಕೂತರು.

"ನಾನು ಇಲ್ಲೇ ಇರ್ತೀನಿ. ನೀನು ಹೋಗು, ಶಾಲು ತೆಗೆಸು."